ಮೂರು ಬಡಿತ, ಎರಡು ಉತ್ತರ

ಫೆಬ್ರವರಿ 9

ಇವತ್ತು ಒಬ್ಬನ ಕಾಲರ್ ಹಿಡಿದೆ, ಹೊಡೆಯಲಿಲ್ಲ. ಅದನ್ನು ಮೊದಲು ಬರೆದುಬಿಡುತ್ತೇನೆ. ಈ ಪುಸ್ತಕ ತಂದುಕೊಟ್ಟವಳು ಮಗಳು, ಅವಳ ಷರತ್ತೇ ಅದು: ಕೈ ಎತ್ತಬೇಕು ಅನ್ನಿಸಿದಾಗೆಲ್ಲ ಕೂತು ಬರಿಯಬೇಕಂತೆ. ಹೋದ ಸೈಟಿನಲ್ಲಿ ಕ್ರೇನಿನವನ ಎರಡು ಹಲ್ಲು ಬೀಳಿಸಿದ್ದಕ್ಕೆ ಕೆಲಸವೇ ಕೈಬಿಟ್ಟಿತು. ಇದೂ ಹೋದರೆ ನನ್ನ ಜೊತೆ ಗ್ಯಾಂಗಿನ ಒಂಬತ್ತು ಜನರೂ ಮನೆಗೆ. ಅದಕ್ಕೇ ಸಂಜೆ ಸ್ನಾನ ಮುಗಿಸಿ, ಉಗುರಿನ ಸಂದಿಯ ಸಿಮೆಂಟು ಹೋಗದಿದ್ದರೂ, ಬರೆಯಲು ಕೂತಿದ್ದೇನೆ.

ರೈಲು ಹಳಿಯ ಪಕ್ಕ ಎಂಟು ಕಾಂಕ್ರೀಟ್ ಕಣಜಗಳು, ಒಂದೊಂದೂ ಹತ್ತು ಮಹಡಿ ಎತ್ತರ. ಕಾಳು ಬರುವುದು ನಿಂತು ಇಪ್ಪತ್ತು ವರ್ಷ. ಇಷ್ಟು ದಿನ ಕೆಡವೋಣ ಅನ್ನುತ್ತಿದ್ದವರು ಈಗ ಪರಂಪರೆ, ಉಳಿಸೋಣ ಅನ್ನುತ್ತಿದ್ದಾರೆ. ಮೂರು ಕಣಜಗಳ ಒಳಗೋಡೆ ತೆಗೆದು ಸಭಾಂಗಣ, ಉಳಿದವು ಮ್ಯೂಸಿಯಂ. ಉಳಿಸುವುದಕ್ಕೂ ಮೊದಲು ಕತ್ತರಿಸಬೇಕಲ್ಲ, ಕತ್ತರಿಸುವವಳು ನಾನು. ವಜ್ರದ ಮಣಿ ಪೋಣಿಸಿದ ತಂತಿಯನ್ನು ಗೋಡೆಗೆ ಸುತ್ತಿ ಯಂತ್ರ ಓಡಿಸಿದರೆ ಒಂದಡಿ ದಪ್ಪದ ಕಾಂಕ್ರೀಟು, ಒಳಗಿನ ಕಬ್ಬಿಣ, ಎಲ್ಲ ಸೀಳುತ್ತದೆ. ಇಪ್ಪತ್ತು ವರ್ಷದಿಂದ ಇದೇ ನನ್ನ ಅನ್ನ.

ಹಿಡಿದ ಕಾಲರ್ ತುತ್ತೂರಿಯದು. ಆ ಮುದಿಯನಿಗೆ ಆ ಹೆಸರು ಬಂದದ್ದು ಗಂಟಲಿನಿಂದ. ಕಣಜದ ತುದಿಯಲ್ಲಿ ನಿಂತು ಕೂಗಿದರೆ ರಸ್ತೆಯಾಚೆಯ ಅಂಗಡಿಯವನು ತಲೆ ಎತ್ತುತ್ತಿದ್ದ. ಈಗ ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡು, ನೋಡಲು ಬಂದವರಿಗೆ ಹಳೇ ಕಾಲದ ಕಥೆ ಹೇಳುವ ಕೆಲಸವಂತೆ. ಮೂವತ್ತೊಂದು ವರ್ಷದ ಹಿಂದೆ ಇದೇ ಅಂಗಳದಲ್ಲಿ ನನ್ನ ಅಪ್ಪನ ಸೊಂಟವನ್ನು ಸಲಿಕೆಯಿಂದ ಮುರಿದವನು ಇವನು. ಅಪ್ಪ ಆಮೇಲೆ ಒಂಬತ್ತು ವರ್ಷ ಹಾಸಿಗೆ ಮೇಲೆ ಕೊಳೆತು ಸತ್ತ.

ಕಾಲರ್ ಹಿಡಿದು ಗೋಡೆಗೆ ಒತ್ತಿದೆ. ಗುರುತು ಹಿಡಿದ. "ಗೇಟಿನವನ ಮಗಳು" ಅಂದ, ಅಷ್ಟೇ. ಗಿಡ್ಡ ಬಂದು ನನ್ನ ಸೊಂಟ ಹಿಡಿದು ಎಳೆದ. ಗಿಡ್ಡ ನನ್ನ ಬಲಗೈ ಬಂಟ, ಕ್ರೇನಿನವನಿಗೆ ಸನ್ನೆ ಮಾಡುವವನು. ಅವನಿಲ್ಲದಿದ್ದರೆ ಇವತ್ತಿನ ಪುಟ ಬೇರೆ ಇರುತ್ತಿತ್ತು.

ಫೆಬ್ರವರಿ 11

ಗಾಜಿನ ಬೋರ್ಡು ಒಡೆದೆ. ಮನುಷ್ಯರದ್ದೇನೂ ಒಡೆಯಲಿಲ್ಲ, ಹಾಗಾಗಿ ಷರತ್ತು ಮುರಿದಂತಲ್ಲ.

ಇಡೀ ಕೆಲಸದ ನಕ್ಷೆ ಮಾಡಿದವಳು ಒಬ್ಬಳು ಇದ್ದಾಳೆ, ನಾವೆಲ್ಲ ನಕ್ಷೆ ಮೇಡಂ ಅನ್ನುತ್ತೇವೆ. ಶೆಡ್ಡಿಗೆ ಕರೆದು, ಮ್ಯೂಸಿಯಮ್ಮಿನಲ್ಲಿ ಹಾಕುವ ಬೋರ್ಡುಗಳ ಮಾದರಿ ತೋರಿಸಿದಳು. ಐದನೇ ಕಣಜದ ಬೋರ್ಡಿನಲ್ಲಿ ಹೀಗಿತ್ತು: "ಇಲ್ಲಿ ಗೇಟಿನ ಕೆಲಸಗಾರನ ಅಜಾಗರೂಕತೆಯಿಂದ ಇಪ್ಪತ್ತೆರಡು ವರ್ಷದ ಕಾರ್ಮಿಕನೊಬ್ಬ ಕಾಳಿನಡಿ ಸಿಕ್ಕಿ ಮೃತಪಟ್ಟ." ಸತ್ತವನು ತುತ್ತೂರಿಯ ತಮ್ಮ. ಗೇಟಿನ ಕೆಲಸಗಾರ ನನ್ನ ಅಪ್ಪ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು, ಬೀಸಿದೆ. ಗಾಜು ನನ್ನ ಬೂಟಿನೊಳಕ್ಕೂ ಹೋಯಿತು.

ಮೇಡಂ ಬೆದರುವ ಜಾತಿಯಲ್ಲ. ತಾನೇ ಪೊರಕೆ ತಂದು ಗುಡಿಸುತ್ತಾ ಹೇಳಿದಳು, ಇದು ಹಳೇ ಕಂಪನಿಯ ವಿಚಾರಣೆ ವರದಿಯಲ್ಲಿರುವ ಮಾತು, ತಪ್ಪಿದ್ದರೆ ಸಾಕ್ಷಿ ತನ್ನಿ, ಮಾರ್ಚ್ ಇಪ್ಪತ್ತೈದಕ್ಕೆ ಎಲ್ಲ ಅಚ್ಚಿಗೆ ಹೋಗುತ್ತದೆ ಅಂತ. ಇಷ್ಟು ಮೆಲ್ಲಗೆ ಮಾತಾಡುವ ಹೆಂಗಸನ್ನು ನಾನು ನೋಡಿಯೇ ಇಲ್ಲ. ತುಟಿ ನೋಡಿಕೊಂಡೇ ಅರ್ಥ ಮಾಡಿಕೊಳ್ಳಬೇಕು.

ನಾನು ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆದಿಡುತ್ತೇನೆ. ಕಣಜದೊಳಗೆ ಕಾಳು ಗೋಡೆಗೆ ಗಟ್ಟಿಯಾಗಿ ಅಂಟಿಕೊಂಡುಬಿಡುತ್ತದೆ. ಆಗ ಒಬ್ಬ ಮೇಲಿನಿಂದ ಇಳಿದು ಕೋಲಿನಿಂದ ಚುಚ್ಚಿ ಬಿಡಿಸಬೇಕು. ಅವನು ಒಳಗಿರುವಾಗ ಕಾಳು ಹೊರಬಿಡುವ ಕೆಳಗಿನ ಗೇಟು ತೆರೆದರೆ ಮುಗಿಯಿತು. ಕಾಳು ಕೆಳಗೆ ಜಾರುತ್ತದೆ, ಮೇಲೆ ನಿಂತವನನ್ನೂ ಎಳೆದುಕೊಳ್ಳುತ್ತದೆ. ಮೊಣಕಾಲು ಮುಳುಗಿದರೆ ಕಾಲು ಕೀಳಲಾಗುವುದಿಲ್ಲ. ಎದೆ ಮುಳುಗಿದರೆ ಉಸಿರು ಬಿಟ್ಟಾಗ ಬಿಗಿದ ಕಾಳು ಮತ್ತೆ ಉಸಿರು ಎಳೆಯಲು ಬಿಡುವುದಿಲ್ಲ. ಬಾಯಿಗೆ, ಮೂಗಿಗೆ, ಕಣ್ಣಿಗೆ ಕಾಳು. ಮೂರು ನಿಮಿಷವೂ ಬೇಡ.

ಅದಕ್ಕೇ ಬಿಲ್ಲೆ ಪದ್ಧತಿ. ಪ್ರತಿಯೊಬ್ಬನಿಗೂ ನಂಬರಿನ ಹಿತ್ತಾಳೆ ಬಿಲ್ಲೆ. ಒಳಗಿಳಿಯುವವನು ಅದನ್ನು ಕೆಳಗೆ ಗೇಟಿನ ಕೋಣೆಯಲ್ಲಿ ಆ ಕಣಜದ ಕೊಕ್ಕೆಗೆ ತೂಗುಹಾಕಬೇಕು. ಕೊಕ್ಕೆಯಲ್ಲಿ ಬಿಲ್ಲೆ ಇರುವತನಕ ಗೇಟು ತೆರೆಯುವಂತಿಲ್ಲ. ಆವತ್ತು ಸತ್ತವನ ಹತ್ತೊಂಬತ್ತನೇ ಬಿಲ್ಲೆ ಕೊಕ್ಕೆಯಲ್ಲಿತ್ತು, ಅಪ್ಪ ನೋಡದೆ ಗೇಟು ತೆರೆದು ಆಮೇಲೆ ಹೆದರಿ ಬಿಲ್ಲೆಯನ್ನು ಎಲ್ಲೋ ಎಸೆದ, ಇದು ತುತ್ತೂರಿಯ ಹೇಳಿಕೆ. ಬಿಲ್ಲೆ ಇರಲೇ ಇಲ್ಲ, ಇದು ಅಪ್ಪನ ಹೇಳಿಕೆ. ವರದಿ ಬರೆದವರು ತಮ್ಮನನ್ನು ಕಳೆದುಕೊಂಡವನ ಮಾತು ನಂಬಿದರು.

ನಾನು ಅಲ್ಲೇ ಇದ್ದೆ. ಹನ್ನೊಂದು ವರ್ಷ ನನಗೆ, ಬಟ್ಟೆಯಲ್ಲಿ ಸುತ್ತಿದ ಬಿಸಿ ಊಟದ ಡಬ್ಬಿ ತಂದಿದ್ದೆ. ಕೊಕ್ಕೆ ಖಾಲಿ ಇತ್ತು, ಕಣ್ಣಾರೆ ನೋಡಿದ್ದೇನೆ. ಹನ್ನೊಂದು ವರ್ಷದ ಹುಡುಗಿಯನ್ನು ಯಾರು ಕೇಳುತ್ತಾರೆ. ಹತ್ತೊಂಬತ್ತನೇ ಬಿಲ್ಲೆ ಕಣಜದೊಳಗೇ ಇದೆ, ಸತ್ತವನ ಜೇಬಿನಿಂದ ಬಿದ್ದದ್ದು. ಐದನೇ ಕಣಜ ಸೀಳಿಯಾದರೂ ಅದನ್ನು ತೆಗೆಯುತ್ತೇನೆ. ತೆಗೆದು ಆ ಮುದಿಯನ ಹಲ್ಲಿನ ಮೇಲೆ ಎಸೆಯುತ್ತೇನೆ.

ಫೆಬ್ರವರಿ 15

ಎರಡನೇ ಕಣಜ. ಬೆಳಿಗ್ಗೆ ತಂತಿ ತುಂಡಾಯಿತು. ಮಣಿಗಳು ಗುಂಡಿನ ಹಾಗೆ ಹಾರಿ ಹಲಗೆಯೊಂದನ್ನು ತೂತು ಮಾಡಿದವು. ಯಾರಿಗೂ ತಾಗಲಿಲ್ಲ. ಹೊಸಬನೊಬ್ಬ ಕಿವಿಗೆ ಮುಚ್ಚಳ ಹಾಕಿಕೊಳ್ಳಿ ಅಕ್ಕ ಅಂದ. ಯಂತ್ರದ ಸದ್ದು ಬದಲಾದದ್ದು ಕೇಳಿಸಬೇಕಲ್ಲ, ಅದಕ್ಕೇ ನಾನು ಯಾವತ್ತೂ ಹಾಕಿಲ್ಲ ಅಂತ ಅವನ ಚಳಿ ಬಿಡಿಸಿದೆ.

ಮಧ್ಯಾಹ್ನ ಗಿಡ್ಡನ ಕೆನ್ನೆಗೆ ಒಂದು ಕೊಟ್ಟೆ. ಕ್ರೇನು ತಿರುಗುತ್ತಿದೆ ಅಂತ ಹೇಳಲೇ ಇಲ್ಲ ಪುಣ್ಯಾತ್ಮ, ಕೊಂಡಿ ನನ್ನ ಹೆಲ್ಮೆಟ್ಟಿಗೆ ಸವರಿಕೊಂಡು ಹೋಯಿತು. ಎರಡು ಸಲ ಹೇಳಿದೆ ಅಕ್ಕ ಅಂದ. ಹನ್ನೆರಡು ವರ್ಷದಲ್ಲಿ ಅವನು ನನಗೆ ಸುಳ್ಳು ಹೇಳಿದ್ದು ಇದೇ ಮೊದಲು.

ಫೆಬ್ರವರಿ 20

ಷರತ್ತು ಮತ್ತೆ ಮುರಿಯಿತು, ನನಗೇನೂ ಬೇಜಾರಿಲ್ಲ.

ನೋಡಲು ಬಂದ ಇಪ್ಪತ್ತು ಜನರನ್ನು ಐದನೇ ಕಣಜದ ಬುಡದಲ್ಲಿ ನಿಲ್ಲಿಸಿಕೊಂಡು ತುತ್ತೂರಿ ತಮ್ಮನ ಸಾವಿನ ಕಥೆ ಹೇಳುತ್ತಿದ್ದ. ಕೈ ಎತ್ತಿ, ಹೀಗೆ ಮುಳುಗಿದ, ಹೀಗೆ ಬೆರಳು ಮಾತ್ರ ಕಾಣಿಸುತ್ತಿತ್ತು ಅಂತ ಅಭಿನಯ. ಗಂಡಸೊಬ್ಬ ಫೋನಿನಲ್ಲಿ ಅದರ ಚಿತ್ರ ತೆಗೆಯುತ್ತಿದ್ದ. ನನ್ನ ಮೈಯೆಲ್ಲ ಉರಿಯಿತು. ಗುಂಪು ಸೀಳಿಕೊಂಡು ಹೋಗಿ, ಸಲಿಕೆಯ ಕಥೆಯನ್ನೂ ಹೇಳು, ಒಂದು ಮಾತೂ ಆಡದೆ ಹಿಂದಿನಿಂದ ಬಂದು ಹೇಗೆ ಹೊಡೆದೆ ಅದನ್ನೂ ಅಭಿನಯಿಸಿ ತೋರಿಸು ಅಂದೆ. ಅವನು ಏನೋ ಗೊಣಗಿದ. ಏನು ಅಂದೆ. ಮತ್ತೆ ಗೊಣಗಿದ. ಎದೆಗೆ ಗುದ್ದಿದೆ.

ಅರವತ್ತೊಂದು ವರ್ಷದ ಮುದುಕ ಅಂತ ತಿಳಿದಿದ್ದು ನನ್ನ ತಪ್ಪು. ಬಲಗೈ ಮುಷ್ಟಿ ನೇರ ನನ್ನ ಬಾಯಿಗೆ ಬಂತು. ಇಬ್ಬರೂ ನೆಲಕ್ಕೆ ಬಿದ್ದೆವು. ಅವನ ಬ್ಯಾಡ್ಜಿನ ಪಿನ್ನು ನನ್ನ ಅಂಗೈಗೆ ಚುಚ್ಚಿತು, ನಾನು ಅವನ ಕಿವಿ ಕಚ್ಚಿದೆ. ರಕ್ತ ಯಾರದ್ದು ಅಂತ ಗೊತ್ತಾಗದ ಹಾಗೆ ಆಗಿತ್ತು. ಬಂದವರಲ್ಲಿ ಒಬ್ಬ ಇದೂ ಕಾರ್ಯಕ್ರಮದ ಭಾಗವೇ ಅಂತ ಮೇಡಂನ ಕೇಳಿದನಂತೆ, ಗಿಡ್ಡ ಆಮೇಲೆ ನಗುತ್ತಾ ಹೇಳಿದ. ನನಗೆ ಆ ಹೊತ್ತಿಗೆ ನಗು ಬರಲಿಲ್ಲ, ಈಗ ಬರುತ್ತಿದೆ.

ಮೇಡಂ ಇಬ್ಬರನ್ನೂ ಕೂರಿಸಿ ಕೊನೆಯ ಎಚ್ಚರಿಕೆ ಕೊಟ್ಟಳು. ಏನೇನು ಹೇಳಿದಳೋ, ಅರ್ಧ ನುಂಗಿಕೊಂಡೇ ಮಾತಾಡುತ್ತಾಳೆ.

ಫೆಬ್ರವರಿ 21

ತುಟಿ ಊದಿದೆ. ಚಹಾ ಕುಡಿಯಲೂ ಆಗುತ್ತಿಲ್ಲ. ಮಗಳು ಈ ಪುಸ್ತಕವನ್ನು ತೆರೆದು ನನ್ನ ಮುಂದಿಟ್ಟು ಹೋದಳು.

ಮಾರ್ಚ್ 1

ಇವತ್ತು ರಜೆ. ಟೀವಿ ವಿಷಯಕ್ಕೆ ಮನೆಯಲ್ಲಿ ರಾದ್ಧಾಂತ. ನಾನು ಧ್ವನಿ ಏರಿಸುವುದು, ಮಗಳು ಇಳಿಸುವುದು. ಕೊನೆಗೆ ರಿಮೋಟನ್ನು ಗೋಡೆಗೆ ಎಸೆದೆ, ಅದರ ಹೊಟ್ಟೆ ಎರಡು ಹೋಳು. ಪಕ್ಕದ ಮನೆಯವರು ದೂರು ಕೊಡುತ್ತಿದ್ದಾರಮ್ಮ ಅಂತ ಅಳುತ್ತಾ ಹೇಳಿದಳು. ಅವಳು ಮೂರು ಸಲ ಫೋನು ಮಾಡಿದಳಂತೆ ನಿನ್ನೆ, ನಾನು ಎತ್ತಲಿಲ್ಲವಂತೆ. ಹಾಳು ಫೋನು, ರಿಂಗೇ ಆಗುವುದಿಲ್ಲ.

ಸಿಟ್ಟು ಇಳಿದ ಮೇಲೆ ಕೂತು ಅಪ್ಪನನ್ನು ನೆನೆದೆ. ಅಪ್ಪನೂ ಹೀಗೇ ರೇಡಿಯೋ ಜೋರಾಗಿ ಇಡುತ್ತಿದ್ದ. ಕೆಲಸದ ಕೊನೆಯ ವರ್ಷ ಅವನಿಗೆ ಕಿವಿ ಮಂದವಾಗಿತ್ತು. ಕಾಳು ಸಾಗಿಸುವ ಬೆಲ್ಟಿನ ಸದ್ದಿನಲ್ಲಿ ಹದಿನೆಂಟು ವರ್ಷ ಇದ್ದವನು. ಎದುರಿಗೆ ನಿಂತರೆ ತುಟಿ ನೋಡಿ ಸರಿಯಾಗಿ ಉತ್ತರ ಕೊಡುತ್ತಿದ್ದ, ಬೆನ್ನ ಹಿಂದೆ ನಿಂತರೆ ಇಲ್ಲ. ನಾನು ಅವನ ಕಿವಿಗೆ ಬಾಯಿ ಹಚ್ಚಿ ಕಿರುಚುತ್ತಿದ್ದೆ. ಹೊರಗೆ ಯಾರಿಗೂ ಹೇಳಬೇಡ, ಗೇಟಿನ ಕೆಲಸದಿಂದ ತೆಗೆದುಬಿಡುತ್ತಾರೆ ಅಂತ ಅಮ್ಮ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಮಾತು ಉಳಿಸಿಕೊಂಡಿದ್ದೇನೆ, ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಅದು ಬೇರೆ ವಿಷಯ. ಕೊಕ್ಕೆ ನೋಡಲು ಕಣ್ಣು ಸಾಕು, ಕಿವಿ ಯಾಕೆ ಬೇಕು.

ಮಾರ್ಚ್ 8

ಇವತ್ತು ಅವನ ಮೂಳೆ ಮುರಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾಲ್ಕನೇ ಕಣಜದ ಗೋಡೆಯಿಂದ ಕತ್ತರಿಸಿದ ತುಂಡನ್ನು ಕ್ರೇನು ಎತ್ತುತ್ತಿತ್ತು. ಎರಡು ಟನ್ನಿನ ತುಂಡು. ನಾನು ಯಂತ್ರ ನಿಲ್ಲಿಸಿ, ಬಗ್ಗಿ ನೀರಿನ ಪೈಪು ಬಿಚ್ಚುತ್ತಿದ್ದೆ. ಸೈಟು ಎಷ್ಟು ನಿಶ್ಶಬ್ದ ಇತ್ತೆಂದರೆ ಒಳ್ಳೆಯ ಮಧ್ಯಾಹ್ನ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ಪಕ್ಕೆಗೆ ಗುದ್ದಿ ದೂಡಿದರು. ಮುಖ ಅಡಿಯಾಗಿ ಕೆಸರಿಗೆ ಬಿದ್ದೆ. ಹೊರಳಿ ನೋಡಿದರೆ ತುತ್ತೂರಿ.

ಹಿಂದಿನಿಂದ. ಮತ್ತೆ ಹಿಂದಿನಿಂದ. ಅಪ್ಪನಿಗೆ ಮಾಡಿದ ಹಾಗೇ. ಹಾರೆ ಕೈಗೆ ಸಿಕ್ಕಿತು. ಅವನು ಏಳುವ ಮೊದಲೇ ಭುಜಕ್ಕೆ ಬಿಟ್ಟೆ. ಒಣ ಕಟ್ಟಿಗೆ ಮುರಿದ ಹಾಗೆ ಕೈಗೆ ತಿಳಿಯಿತು. ಎರಡನೇ ಏಟಿಗೆ ಎತ್ತಿದಾಗ ಗಿಡ್ಡ ಮತ್ತು ಇನ್ನಿಬ್ಬರು ನನ್ನ ಮೇಲೆ ಬಿದ್ದರು. ಅವರಲ್ಲೊಬ್ಬನ ಮೂಗಿಗೂ ನನ್ನ ಮೊಣಕೈ ತಾಗಿತು. ಬಿಡ್ರೋ ಅಂತ ಒದ್ದಾಡಿದೆ. ಗಿಡ್ಡ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿದ.

ಆಗ ಕಂಡಿತು. ನಾನು ಬಗ್ಗಿದ್ದ ಜಾಗದಲ್ಲಿ ಆ ತುಂಡು ಬಿದ್ದಿತ್ತು. ನನ್ನ ನೀರಿನ ಪೈಪು ಅದರಡಿ ಚಪ್ಪಟೆಯಾಗಿತ್ತು. ಕೊಂಡಿ ಜಾರಿದೆ.

ಅವನು ಕೂಗಿದ ಅಂತ ಎಲ್ಲರೂ ಹೇಳುತ್ತಾರೆ. ಮೂರು ಸಲವಂತೆ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರಂತೆ. ಒಂಬತ್ತು ಜನರೂ ಒಂದೇ ಬಾಯಿ. ಮುದಿಯ ಎಲ್ಲರನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾನೆ. ಅಂಥ ನಿಶ್ಶಬ್ದದಲ್ಲಿ ಕೂಗಿದ್ದರೆ ನನಗೆ ಕೇಳಿಸುತ್ತಿರಲಿಲ್ಲವೇ? ದೂಡಿದ್ದು ಒಳ್ಳೆಯದಕ್ಕೇ ಇರಬಹುದು, ಬಾಯಿ ಬಿಟ್ಟು ಹೇಳಲು ಏನಾಗಿತ್ತು.

ಮಾರ್ಚ್ 9

ಕತ್ತಿನ ಕೆಳಗಿನ ಮೂಳೆ ಮುರಿದಿದೆಯಂತೆ. ಪೋಲೀಸರು ಬರುತ್ತಾರೆ ಅಂತ ಬೆಳಿಗ್ಗೆಯಿಂದ ಕಾದೆ, ಮಗಳಿಗೆ ಬಟ್ಟೆಯನ್ನೂ ಮಡಚಿಡಲು ಹೇಳಿದ್ದೆ. ಬರಲಿಲ್ಲ. ಮೆಟ್ಟಿಲಿನಿಂದ ಬಿದ್ದೆ ಅಂತ ಆಸ್ಪತ್ರೆಯಲ್ಲಿ ಬರೆಸಿದ್ದಾನೆ. ಅವನ ಕರುಣೆ ಯಾರಿಗೆ ಬೇಕಿತ್ತು. ಬೈದಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು.

ಮಾರ್ಚ್ 16

ಸಿಕ್ಕಿತು. ಸಿಕ್ಕಿತು. ಸಿಕ್ಕಿತು.

ಐದನೇ ಕಣಜದ ತಳ ಆಲಿಕೆಯ ಹಾಗೆ ಇಳಿಜಾರು, ಅದಕ್ಕೆ ಉಕ್ಕಿನ ತಗಡು ಹೊದಿಸಿದ್ದಾರೆ. ತಗಡಿನ ಜೋಡಣೆ ಒಂದು ಕಡೆ ಬಾಯಿಬಿಟ್ಟಿತ್ತು. ಅದನ್ನು ಕತ್ತರಿಸಿ ಕಿತ್ತಾಗ ಹಿಂದೆ ಹಳೇ ಕಾಳು ಕಪ್ಪಗೆ, ಇಟ್ಟಿಗೆ ಹಾಗೆ ಗಟ್ಟಿಯಾಗಿ ಕೂತಿತ್ತು. ಉಳಿಯಿಂದ ಒಡೆದೆ. ಯಾರಿಗೂ ಬಿಡದೆ ನಾನೇ ಎರಡು ಗಂಟೆ ಒಡೆದೆ, ಅಂಗೈ ಚರ್ಮ ಸುಲಿದು ಹೋಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಹೆಂಟೆಯ ಒಳಗಿನಿಂದ ಹಿತ್ತಾಳೆಯ ಅಂಚು ಇಣುಕಿತು. ಉಗುಳು ಹಚ್ಚಿ ಒರೆಸಿದೆ. ಹತ್ತೊಂಬತ್ತು.

ನೆಲದ ಮೇಲೆ ಕೂತು ಅತ್ತೆ. ಹುಡುಗರೆಲ್ಲ ಬೆನ್ನು ತಿರುಗಿಸಿ ನಿಂತರು. ನನ್ನಪ್ಪ ಸುಳ್ಳು ಹೇಳಿರಲಿಲ್ಲ. ಕೊಕ್ಕೆ ಖಾಲಿಯೇ ಇತ್ತು. ಬಿಲ್ಲೆ ಸತ್ತವನ ಜೇಬಿನಲ್ಲೇ ಇತ್ತು. ಮೇಡಂಗೆ ತೋರಿಸಿದೆ. ಹಾಗಾದರೆ ವರದಿ ತಪ್ಪು, ಬೋರ್ಡು ಬದಲಿಸೋಣ, ಹೇಗೆ ಬರೆಯಬೇಕು ನೀವೇ ಹೇಳಿ ಅಂದಳು. ಒಂದು ದಿನ ಕೊಡಿ ಅಂದೆ. ಮೊದಲು ಅವನ ಮುಖಕ್ಕೆ ಎಸೆಯಬೇಕು.

ಮಾರ್ಚ್ 17

ಹೋಗಿದ್ದೆ. ತುತ್ತೂರಿಯ ಮನೆಗೆ.

ಒಂದೇ ಕೋಣೆಯ ಮನೆ. ಕೈಯನ್ನು ಜೋಳಿಗೆ ಹಾಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ. ಗೋಡೆಯ ಮೇಲೆ ತಮ್ಮನ ಫೋಟೋ, ಮೀಸೆ ಆಗತಾನೇ ಬಂದ ಮುಖ. ನಾನು ಬಿಲ್ಲೆ ಎಸೆದೆ. ಹಣೆಗೆ ತಾಗಿ ಮಡಿಲಿಗೆ ಬಿತ್ತು, ಹಣೆಯಿಂದ ಸಣ್ಣಗೆ ರಕ್ತ ಬಂತು. ಒರೆಸಿಕೊಳ್ಳಲಿಲ್ಲ. ಬಿಲ್ಲೆಯನ್ನು ಎತ್ತಿ ಬೆರಳಲ್ಲಿ ಉಜ್ಜುತ್ತಾ ಕೂತ. ಸುಳ್ಳು ಹೇಳಿದ್ದು ಹೌದು ಅಂದ. ಎಲ್ಲರೂ ಮಾಡುತ್ತಿದ್ದದ್ದೇ ಅದು: ಬಿಲ್ಲೆ ತೂಗುಹಾಕಲು ಇನ್ನೂರ ಹತ್ತು ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು, ಯಾರು ಹತ್ತುತ್ತಾರೆ. ಬಿಲ್ಲೆ ಜೇಬಲ್ಲೇ ಇರುತ್ತಿತ್ತು. ಬದಲಿಗೆ ಮೇಲಿಂದ ಕೆಳಗಿನವರೆಗೆ ಹೋಗುವ ಕಬ್ಬಿಣದ ಪೈಪಿಗೆ ಪಾನಾದಿಂದ ಮೂರು ಸಲ ಬಡಿಯುವುದು, ಒಳಗೆ ಜನ ಇಳಿಯುತ್ತಿದ್ದಾರೆ ಅಂತ. ಕೆಳಗಿನಿಂದ ಗೇಟಿನವನು ಎರಡು ಸಲ ಬಡಿದರೆ, ಗೊತ್ತಾಯಿತು, ಗೇಟು ಮುಟ್ಟುವುದಿಲ್ಲ ಅಂತ. ಅಪ್ಪನೂ ಒಪ್ಪಿದ್ದ ಪದ್ಧತಿ.

"ಮೂರು ಬಡಿದೆ. ಉತ್ತರಕ್ಕೆ ಕಾಯಲಿಲ್ಲ," ಅಂದ. "ನಿಮ್ಮಪ್ಪನ ಉತ್ತರ ಆರು ತಿಂಗಳಿಂದ ತಡವಾಗಿ ಬರ್ತಿತ್ತು. ಕೆಲವು ಸಲ ಬರ್ತಾನೇ ಇರಲಿಲ್ಲ. ನಮಗೂ ಅಭ್ಯಾಸ ಆಗಿಬಿಟ್ಟಿತ್ತು. ಇಳಿಯೋ ಅಂತ ತಮ್ಮನಿಗೆ ನಾನೇ ಹೇಳಿದ್ದು."

ನೀನೇ ಕೊಂದೆ ಹಾಗಾದರೆ ಅಂದೆ. ಅವನು ಹೂಂ ಅಂದ. ಅಷ್ಟು ಸಲೀಸಾಗಿ ಹೂಂ ಅಂದದ್ದಕ್ಕೆ ನನ್ನ ತಲೆ ಕೆಟ್ಟಿತು. ಗಾಜಿನ ಲೋಟ ಎತ್ತಿ ಫೋಟೋದ ಪಕ್ಕದ ಗೋಡೆಗೆ ಒಗೆದೆ. ಮತ್ತೆ ನನ್ನಪ್ಪನನ್ನು ಯಾಕೆ ಹೊಡೆದೆ, ಅದೂ ಕಳ್ಳನ ಹಾಗೆ ಹಿಂದಿನಿಂದ, ಒಂದು ಮಾತೂ ಆಡದೆ ಅಂತ ಕೇಳಿದೆ.

ಬಿಲ್ಲೆಯನ್ನು ಮಂಚದ ಮೇಲಿಟ್ಟ. ಆಮೇಲೆ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ.

"ಕೂಗಿದೆ. ನಿಮ್ಮಪ್ಪ ಬೆನ್ನು ಹಾಕಿ ನಿಂತಿದ್ದ. ತಿರುಗಲಿ, ಮುಖ ನೋಡಿ ಹೊಡೀತೀನಿ ಅಂತ ಮೂರು ಸಲ ಕೂಗಿದೆ. ನನ್ನ ಗಂಟಲು ನಿನಗೆ ಗೊತ್ತಲ್ಲ. ತಿರುಗಲಿಲ್ಲ. ಸೊಕ್ಕು ಅಂದ್ಕೊಂಡು ಹೊಡೆದೆ. ಬಿದ್ದ ಮೇಲೆ ನಾನು ಬೈತಾ ಇದ್ರೆ ಅವನು ನನ್ನ ಬಾಯಿ ನೋಡ್ತಿದ್ದ. ಕಣ್ಣಲ್ಲ, ಬಾಯಿ. ಆಗ ಗೊತ್ತಾಯ್ತು ನನಗೆ, ಈ ಮನುಷ್ಯನಿಗೆ ಕಿವಿ ಇಲ್ಲ ಅಂತ. ಗೊತ್ತಾದ ಮೇಲೂ ಎರಡು ಹೊಡೆದೆ."

ಅವನೇ ಮುಂದುವರಿಸಿದ.

"ಕಿವಿ ಇಲ್ಲದವನು ಅಂತ ವಿಚಾರಣೇಲಿ ಹೇಳಿದ್ರೆ, ಉತ್ತರ ಬರದೆ ಯಾಕೆ ಇಳಿಸಿದೆ ಅಂತ ನನ್ನನ್ನ ಕೇಳ್ತಿದ್ರು. ಅದಕ್ಕೇ ಬಿಲ್ಲೆ ಕಥೆ ಕಟ್ಟಿದೆ." ಆಮೇಲೆ ಅಂದ: "ಮೊನ್ನೆ ನಿನಗೂ ಮೂರು ಸಲ ಕೂಗಿದೆ, ಮಗಳೇ. ನೀನೂ ತಿರುಗಲಿಲ್ಲ."

ಬಾಯಿ ಮುಚ್ಚು ಅಂದೆ. ಮುಚ್ಚಿದ. ಆಗ ನನಗೆ ತಿಳಿಯಿತು, ಅವನು ಮಾತಾಡಿದಷ್ಟು ಹೊತ್ತೂ ನಾನು ಅವನ ಬಾಯನ್ನೇ ನೋಡುತ್ತಿದ್ದೆ. ಗೋಡೆಗೆ ಲೋಟ ಒಡೆದಾಗ ಚೂರು ಬಿದ್ದದ್ದು ಕಂಡಿತ್ತು, ಸದ್ದು ನೆನಪಿಲ್ಲ.

ಮಾರ್ಚ್ 18

ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆ ಮಗಳ ಅಲಾರಂ ಗಡಿಯಾರವನ್ನು ಕಿವಿಗೆ ಹಿಡಿದು ಕೂತೆ. ಬಡಿಯುತ್ತಿರುವುದು ಬೆರಳಿಗೆ ಗೊತ್ತಾಗುತ್ತಿತ್ತು.

ಮಾರ್ಚ್ 22

ಡಾಕ್ಟರು ಎರಡೂ ಕಿವಿ ನೋಡಿ ಚೀಟಿ ಬರೆದುಕೊಟ್ಟರು. ಎರಡೂ ಹೋಗಿವೆ ಅಂತ ಹೇಳುವಾಗ ಎದುರಿಗೆ ಕೂತು, ದೊಡ್ಡದಾಗಿ ತುಟಿ ಆಡಿಸಿ ಹೇಳಿದರು. ಸಿಟ್ಟು ಬಂತು, ಆದರೆ ಕೇಳಿಸಿತು.

ಗ್ಯಾಂಗನ್ನು ಕೂರಿಸಿ ಹೇಳಿದೆ. ಯಂತ್ರದ ಕೀಲಿ ಗಿಡ್ಡನಿಗೆ ಕೊಟ್ಟೆ. ಫೆಬ್ರವರಿಯಲ್ಲಿ ಕೊಟ್ಟ ಏಟು ವಾಪಸು ಬೇಕಾದರೆ ಕೊಡು ಅಂತ ಕೆನ್ನೆ ಒಡ್ಡಿದೆ. ಅವನು ನನ್ನ ಕೆನ್ನೆಯ ಕೆಸರು ಒರೆಸಿ, ನಮಗೆಲ್ಲ ಒಂದು ವರ್ಷದಿಂದ ಗೊತ್ತಿತ್ತು ಅಕ್ಕ, ಹೇಳಿದರೆ ಹೊಡೀತೀರ ಅಂತ ಸುಮ್ಮನಿದ್ದೆವು ಅಂದ. ಒಂದು ವರ್ಷ. ನನ್ನ ಕೈಗೆ ಹೆದರಿ ಒಂಬತ್ತು ಜನ, ಮಗಳು ಬೇರೆ.

ಮೇಡಂಗೆ ಬೋರ್ಡಿನ ಸಾಲು ಹೇಳಿದೆ. ಅವಳು ಬರೆದುಕೊಂಡು ನನ್ನ ಕಡೆ ತಿರುಗಿಸಿ ತೋರಿಸಿದಳು: "ಒಳಗಿಳಿದವನ ಬಿಲ್ಲೆ ಕೊಕ್ಕೆಯಲ್ಲಿರಲಿಲ್ಲ, ಜೇಬಿನಲ್ಲಿತ್ತು. ಮೇಲಿನವನು ಮೂರು ಸಲ ಬಡಿದು, ಉತ್ತರಕ್ಕೆ ಕಾಯಲಿಲ್ಲ. ಗೇಟಿನವನಿಗೆ ಕಿವಿ ಕೇಳುತ್ತಿರಲಿಲ್ಲ. ಅದು ಅವನ ಮನೆಯವರಿಗೆ ಗೊತ್ತಿತ್ತು." ಕೊನೆಯ ಸಾಲು ಬೇಕೇ ಅಂತ ಕೇಳಿದಳು. ಇರಲಿ ಅಂದೆ. ಅಮ್ಮ ಇದ್ದಿದ್ದರೆ ನನ್ನ ಬೆನ್ನು ಮುರಿಯುತ್ತಿದ್ದಳು.

ಮಾರ್ಚ್ 24

ಬೋರ್ಡು ಅಚ್ಚಿಗೆ ಹೋಗುವ ಮೊದಲು ತುತ್ತೂರಿ ಮಾಮನಿಗೂ ತೋರಿಸಬೇಕಿತ್ತು. ಕಟ್ಟಿದ ಕೈಯಲ್ಲೇ ಸೈಟಿಗೆ ಬಂದ. ನಿಂತು ಎರಡು ಸಲ ಓದಿ, ಸರಿ ಇದೆ ಅಂತ ತಲೆಯಾಡಿಸಿದ. ಆಮೇಲೆ ಐದನೇ ಕಣಜದ ಪೈಪು ಇನ್ನೂ ಇದೆಯೇ ಅಂತ ಕೇಳಿದ. ಇದೆ, ಅದನ್ನು ಕತ್ತರಿಸಬೇಡಿ ಅಂತ ಮೇಡಂ ಬಣ್ಣ ಹಚ್ಚಿ ಗುರುತು ಹಾಕಿದ್ದಾಳೆ. ಒಂದು ಸಲ ಬಡಿದು ನೋಡೋಣ ಅಂದ. ಒಂದು ಕೈ ಇಲ್ಲದೆ ಇನ್ನೂರ ಹತ್ತು ಮೆಟ್ಟಿಲು ಹೇಗೆ ಹತ್ತುತ್ತೀಯ ಮಾಮ ಅಂದರೆ ಕೇಳಲಿಲ್ಲ. ಅರ್ಧ ಗಂಟೆ ಹಿಡಿಯಿತು ಅವನಿಗೆ. ಗಿಡ್ಡ ನನ್ನ ಜೊತೆ ಗೇಟಿನ ಕೋಣೆಯಲ್ಲಿ ನಿಂತ.

ನಾನು ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಕಾದೆ. ಏನೂ ಇಲ್ಲ. ಗಿಡ್ಡನ ಮುಖ ನೋಡಿದರೆ ಅವನು ಬೆರಳು ಮೇಲೆ ಮಾಡಿ ತೋರಿಸುತ್ತಿದ್ದಾನೆ, ಬಡಿಯುತ್ತಿದ್ದಾನೆ ಅಕ್ಕ ಅಂತ. ನನಗೆ ಏನೂ ಇಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಬೀಳದ ಹಾಗೆ ಎಡಗೈಯನ್ನು ಪೈಪಿನ ಮೇಲೆ ಊರಿದೆ.

ಅಂಗೈಗೆ ಬಂತು. ಒಂದು. ಎರಡು. ಮೂರು. ಮೊಣಕೈವರೆಗೆ ಸ್ಪಷ್ಟವಾಗಿ.

ಅಪ್ಪ ಯಾವಾಗಲೂ ಹೀಗೇ ನಿಲ್ಲುತ್ತಿದ್ದ. ಎಡ ಅಂಗೈ ಪೈಪಿನ ಮೇಲೆ. ದಣಿದು ಒರಗಿದ್ದಾನೆ ಅಂತ ತಿಳಿದಿದ್ದೆ. ಅವನು ಕಿವಿ ಹೋದವನು ನಿಜ, ಬೇಜವಾಬ್ದಾರಿಯವನಲ್ಲ. ಅವನು ಕೈಯಲ್ಲಿ ಕೇಳಿಸಿಕೊಳ್ಳುತ್ತಿದ್ದ. ತಡವಾಗಿಯಾದರೂ ಉತ್ತರ ಹೋಗುತ್ತಿದ್ದದ್ದು ಹಾಗೆ. ಆವತ್ತೂ ಅವನ ಕೈ ಅಲ್ಲೇ ಇತ್ತು, ನಾನು ಬಂದಾಗ ನೋಡಿದ್ದೇನೆ.

ಊಟದ ಡಬ್ಬಿ ಬಿಸಿ ಇತ್ತು. ದಾರಿಯುದ್ದಕ್ಕೂ ನನ್ನ ಬೆರಳು ಸುಟ್ಟಿತ್ತು. ಅವನು ಒಂದೇ ಕೈ ಚಾಚಿದ. ನಾನು ಅವನ ಕಿವಿಗೆ ಬಾಯಿ ಹಚ್ಚಿ, ಬಿಸಿ ಇದೆ ಅಪ್ಪ, ಎರಡೂ ಕೈಯಲ್ಲಿ ಹಿಡ್ಕೋ ಅಂತ ಕಿರುಚಿದೆ. ಅವನು ಪೈಪಿನಿಂದ ಕೈ ತೆಗೆದ. ನಾನು ಕಿರುಚುತ್ತಲೇ ಇದ್ದೆ, ಶಾಲೆಯ ಸುದ್ದಿ ಏನೋ. ಮುಚ್ಚಳ ತೆಗೆದು ಮೂಸಿ ನೋಡಿ ನಕ್ಕ. ಡಬ್ಬಿ ಬೆಂಚಿನ ಮೇಲಿಟ್ಟ. ಅಷ್ಟು ಹೊತ್ತೂ ಪೈಪಿನ ಮೇಲೆ ಕೈ ಇರಲಿಲ್ಲ. ವ್ಯಾಗನ್ನು ಬಂದಿದೆ, ಕಾಳು ಬಿಡು ಅನ್ನುವ ಕೆಂಪು ದೀಪ ಹತ್ತಿತು. ಹೋಗಿ ಗೇಟು ಎಳೆದ.

ಎಷ್ಟು ಹೊತ್ತು ಆ ನೆಲದ ಮೇಲೆ ಕೂತಿದ್ದೆನೋ ಗೊತ್ತಿಲ್ಲ. ಕಿಟಕಿಯ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿದಿತ್ತು. ಗಿಡ್ಡ ಪಾನಾ ತಂದು ನನ್ನ ಮಡಿಲಲ್ಲಿಟ್ಟ. ಎದ್ದು ಎಡಗೈ ಪೈಪಿನ ಮೇಲಿಟ್ಟು, ಬಲಗೈಯಿಂದ ಎರಡು ಸಲ ಬಡಿದೆ.

ಮಾಮ ಅಲ್ಲಿಯವರೆಗೂ ಮೇಲೆ ಕಾಯುತ್ತಾ ನಿಂತಿದ್ದನಂತೆ. ಇಳಿದು ಬನ್ನಿ ಅಂತ ಹುಡುಗರು ಎಷ್ಟು ಕರೆದರೂ, ಕೆಳಗಿನಿಂದ ಇನ್ನೂ ಉತ್ತರ ಬಂದಿಲ್ಲ ಅಂದನಂತೆ. ಗಿಡ್ಡ ನನ್ನ ಭುಜ ತಟ್ಟಿ, ನಾನು ಮುಖ ತಿರುಗಿಸುವವರೆಗೆ ಕಾದು, ಇದನ್ನು ಹೇಳಿದ.